ಎರಡನೇ ಬದಿ, ಮೂರನೇ ಹಾಡು

ಎದುರುಮನೆಯ ಪೃಥು ಮೊನ್ನೆ ಮೆಟ್ಟಿಲೇರಿ ಬಂದ,
ಕಂಕುಳಲ್ಲಿ ನನ್ನದೇ ರೆಕಾರ್ಡು, ಹೊಸದಾಗಿ.
ಅದೇ ಹೊದಿಕೆ, ಕಬ್ಬನ್ ಪಾರ್ಕಿನ ಬಂಡೆ ಮೇಲೆ ಅದೇ ಐವರು.
ಆದರೆ ಅವರ ಬೆಲ್‌ಬಾಟಮ್ಮು ನನ್ನ ಕಾಲದಲ್ಲಿ
ಇಷ್ಟು ಕೆಂಪಿರಲಿಲ್ಲ.
ಮೂಲೆಯಲ್ಲೊಂದು ಬಂಗಾರದ ಚೀಟಿ: ರೀಮಾಸ್ಟರ್ಡ್.
"ಆಂಟಿ, ನೂರೆಂಬತ್ತು ಗ್ರಾಂ," ಅಂದ,
ಬೆಣ್ಣೆ ತಂದವನ ಹಾಗೆ.

ಬೆಲೆ ಕೇಳಿದೆ. ಕೇಳಬಾರದಿತ್ತು.
ನಾನಿದನ್ನು ಕೊಂಡದ್ದು ಓವರ್‌ಟೈಮ್ ದುಡ್ಡಲ್ಲಿ,
ಜಾಲಹಳ್ಳಿಯ ಕಾರ್ಖಾನೆಯಲ್ಲಿ ವಾಲ್ವ್ ಜೋಡಿಸುತ್ತಿದ್ದಾಗ.
ಕೂದಲೆಳೆಯ ತಂತಿ, ಚಿಮಟ, ಭೂತಗನ್ನಡಿ;
ಪಕ್ಕದವಳು ನಿಟ್ಟುಸಿರು ಬಿಟ್ಟರೂ ತಂತಿ ಅಲುಗುತ್ತಿತ್ತು.
ಹಾಗಾಗಿ ಸೂಕ್ಷ್ಮದ ವಿಷಯಕ್ಕೆ ಬಂದರೆ
ನನಗೆ ಸ್ವಲ್ಪ ಜಂಬ.

"ಹಳೆಯದೇ ಚಂದ," ಅಂದೆ, ಕೇಳುವ ಮೊದಲೇ.
ಹುಡುಗ ನಕ್ಕ. ಹಳೆಯದನ್ನು ತೊಳೆದ, ಒರೆಸಿದ,
ಎರಡನ್ನೂ ತನ್ನ ಪೆಟ್ಟಿಗೆಗೆ ಇಳಿಸಿ
ಸದ್ದು ಸಮ ಮಾಡಿ
ನನ್ನ ಕಣ್ಣಿಗೆ ನನ್ನದೇ ಶಾಲು ಕಟ್ಟಿದ.
ಐದು ಸಲ ಕೇಳಿಸಿದ, ಒಂದೊಂದು ಚೂರು.
ಎರಡು ಸರಿ, ಮೂರು ತಪ್ಪು.
ಕಾಸು ಚಿಮ್ಮಿದ್ದರೂ ಅಷ್ಟು ಸಿಗುತ್ತಿತ್ತು.

"ಸಮಗಿಮ ಬೇಡ, ಇದ್ದ ಹಾಗೆ ಹಾಕು," ಅಂದೆ,
ಶಾಲು ಕಿತ್ತೆಸೆದು.

ಇದ್ದ ಹಾಗೆ ಹಾಕಿದರೆ, ಅಬ್ಬ,
ಡ್ರಮ್ಮು ನೇರ ಹಣೆಗೇ ಬಡಿಯಿತು.
ಗಿಟಾರು, ತಾಳ, ಅವಳ ಪಿಸುದನಿ, ಎಲ್ಲ ಒಂದೇ ಎತ್ತರ,
ನಮ್ಮ ಮತ್ತೀಕೆರೆ ರಸ್ತೆಗೆ ವೈಟ್ ಟಾಪಿಂಗ್ ಮಾಡಿದ ಹಾಗೆ.
ಗುಂಡಿಯಿಲ್ಲ, ನಿಜ. ಬಸ್ಸು ಎಣ್ಣೆಯಂತೆ ಜಾರುತ್ತದೆ.
ಆದರೆ ಕೆಳಮನೆ ಪಂಕಜಮ್ಮನ ಹೊಸ್ತಿಲು
ರಸ್ತೆಗಿಂತ ಒಂದು ಗೇಣು ಕೆಳಗೆ ಹೋಯಿತು,
ಮೋಡ ಕಂಡರೆ ಸಾಕು, ಆಕೆ ಮರಳಿನ ಚೀಲ ಎಳೆಯುತ್ತಾಳೆ.
ಈ ಹಾಡಿನಲ್ಲೂ ಒಂದು ತಗ್ಗಿತ್ತು.
ದನಿ ಇಳಿದು, ಇನ್ನೂ ಇಳಿದು,
ನಾವು ಕತ್ತು ಚಾಚಿ ಪೆಟ್ಟಿಗೆಯತ್ತ ಬಾಗುತ್ತಿದ್ದೆವು.
ಈಗ ಬಾಗಬೇಕಾಗಿಲ್ಲ. ತುಂಬಿಬಿಟ್ಟಿದ್ದಾರೆ.

ಇಷ್ಟು ಹೇಳಿ ಗೆದ್ದೆ ಅಂದುಕೊಂಡೆ.

ಆಗ ಕೇಳಿಸಿತು. ಎರಡನೇ ಬದಿ, ಮೂರನೇ ಹಾಡು,
ಕೊನೆಯ ಚರಣಕ್ಕೆ ಮುಂಚೆ
ಹಾಳೆ ಮಗುಚಿದ ಸದ್ದು;
ಹಿಂದೆಯೇ, ಬಹಳ ಮೆಲ್ಲಗೆ, ಯಾರೋ
"ಹ್ಞೂಂ."

ನಲವತ್ತೇಳು ವರ್ಷ. ಎಷ್ಟು ಸಲವೋ.
ನನ್ನ ಪ್ರತಿಯಲ್ಲಿ ಆ ಜಾಗಕ್ಕೆ ಸಾಸಿವೆ ಸಿಡಿಯುತ್ತದೆ,
ಮೈದುನ ಅದರ ಮೇಲೆ ಇಸ್ಪೀಟು ಹರಡಿದ್ದ ರಾತ್ರಿಯಿಂದ.
ಆ ಚಟಪಟವೂ ಹಾಡಿನದೇ ಎಂದು
ಮಗಳು ಬಹಳ ದಿನ ನಂಬಿದ್ದಳು.
ನಾನೂ ತಿದ್ದಲಿಲ್ಲ.

ಯಾರದು ಆ ಹ್ಞೂಂ?
ಹಾಡಿದವಳು ತನಗೆ ತಾನೇ ಹೇಳಿಕೊಂಡದ್ದೆ?
ಸಾಕಾಯ್ತಾ ಎಂದವನಿಗೆ ಇನ್ನೂ ಒಂದಿದೆ ಎಂದದ್ದೆ?
ಬಾಗಿಲ ಗಾಜಿನಾಚೆ
ಚಾ ಎಷ್ಟು ಎಂದು ಬೆರಳೆತ್ತಿ ನಿಂತ ಹುಡುಗನಿಗೆ
ಯಾರಾದರೂ ತಲೆಯಾಡಿಸಿದ್ದೆ?
"ಅಳಿಸೋಕೆ ಮರೆತಿರ್ತಾರೆ," ಅಂದ ಪೃಥು,
ಅವನಿಗೆ ಅದು ತಪ್ಪು, ಅಷ್ಟೆ.

ಅವನು ಹೋದ ಮೇಲೆ ಹಳೆಯದನ್ನು ಹಾಕಿದೆ.
ಕುಕ್ಕರ್ ಇಳಿಸಿ, ಫ್ಯಾನ್ ನಿಲ್ಲಿಸಿ,
ಚಿಮಟ ಹಿಡಿದ ಕಾಲದ ಉಸಿರು ಹಿಡಿದು
ಬಾಗಿದೆ.
ಇತ್ತು, ಸಾಸಿವೆಯ ಅಡಿಯಲ್ಲಿ.
ಅಥವಾ ಇದೆಯೆಂದು ಗೊತ್ತಾದ ಕಿವಿ
ಅಲ್ಲೊಂದನ್ನು ತಾನೇ ಇಟ್ಟುಕೊಂಡಿತು.
ಹೊಸದಿಲ್ಲದಿದ್ದರೆ ಹುಡುಕುತ್ತಲೇ ಇರಲಿಲ್ಲ, ಒಪ್ಪುತ್ತೇನೆ,
ಪೃಥುವಿನ ಎದುರು ಒಪ್ಪುವುದಿಲ್ಲ.

ಮುಳ್ಳೆತ್ತಿ ಮತ್ತೆ ಇಟ್ಟೆ. ಮತ್ತೊಮ್ಮೆ.
ಮೂರನೇ ಸಲಕ್ಕೆ
ಹಾಳೆ ಮಗುಚಿದ ಮೇಲೆ, ಚರಣಕ್ಕೆ ಮುಂಚೆ,
ಸರ್ರನೆ ಏನೋ ಎಳೆದಂತಾಯಿತು.
ಕಿಟಕಿಗೆ ಹೋದೆ. ಮೋಡ ಕವಿದಿತ್ತು.
ಕೆಳಗೆ ಪಂಕಜಮ್ಮ, ಚೀಲದ ಜೊತೆ.